ಹೂಂಗುಟ್ಟುವವರು ಯಾರು?

ನಮ್ಮಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಿರಬೇಕಾಗಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಮೊನ್ನೆ ಮಳೆಯಲ್ಲಿ ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವಾಗ, ಅಲ್ಲಿನ ಜವಾಹರ್ ನವೋದಯ ವಿದ್ಯಾಲಯದ ಹೆಸರುಹಲಗೆ ಕಂಡು ಈ ಹೂಂಕಾರ ನೆನಪಾಯಿತು. ಪ್ರೌಢಶಾಲೆಗಳಲ್ಲಿ ಕಥೆ ಹೇಳುವುದಕ್ಕೆ ಈಗ ಸ್ಮಾರ್ಟ್ ಬೋರ್ಡು, ಟ್ಯಾಬ್ಲೆಟ್ಟುಗಳು ಬಂದಿವೆಯಷ್ಟೆ. ಅವು ಮಕ್ಕಳಿಗೆ ಮರುಮಾತು ಕೊಡುತ್ತವೆ ಎಂಬುದು ಅವುಗಳ ಹೆಗ್ಗಳಿಕೆ.

ಕೊಡಗಿಗೆ ಮರುಮಾತು ಹೊಸದಲ್ಲ. ದುಡಿ ಹಿಡಿದು ಹಾಡುವವರು ನಾಲ್ವರು. ಇಬ್ಬರು ಸಾಲನ್ನೆತ್ತಿದರೆ ಉಳಿದಿಬ್ಬರು ಅದನ್ನೇ ತಿರುಗಿ ಹಾಡುತ್ತಾರೆ. ಆ ಹಾಡುಗಳನ್ನು ಕೇಳಿ ಬರೆದುಕೊಂಡ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಕನ್ನಡ ಲಿಪಿಯಲ್ಲಿ 'ಪಟ್ಟೋಲೆ ಪಳಮೆ'ಯನ್ನು ಅಚ್ಚು ಮಾಡಿಸಿದರು. ಅವರ ಋಣ ದೊಡ್ಡದು. ಆದರೂ ಪುಸ್ತಕದಲ್ಲಿ ಉಳಿದದ್ದು ಹಾಡು. ತಿರುಗಿ ಹಾಡುವ ಜೋಡಿ ಉಳಿಯಲಿಲ್ಲ.

ಆಮೇಲೆ ಬಂದ ಯಂತ್ರಗಳ ಕಥೆಯೂ ಇದೇ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದೇ. ಬಾನುಲಿ ನುಡಿಯಿತು, ಮಗು ಕೇಳಿತು, ಅಲ್ಲಿಗೆ ಮುಗಿಯಿತು. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಬಂತು. ರಾಯಚೂರು, ಗುಲ್ಬರ್ಗ, ಬಿಜಾಪುರ ಸೀಮೆಯ ಹಳ್ಳಿಗಳೂ ಅವುಗಳಲ್ಲಿದ್ದವು. ಬೆಳಗಿನ ಹೊತ್ತು ಶಾಲಾಮಕ್ಕಳಿಗಾಗಿಯೇ ಕಾರ್ಯಕ್ರಮ. ಆಕಾಶದಿಂದ ಕಥೆ ಇಳಿಯಿತು. ಹೂಂ ಎಂಬುದು ಮೇಲೇರಲು ದಾರಿಯಿರಲಿಲ್ಲ. 2004ರ ಎಜುಸ್ಯಾಟ್ ಉಪಗ್ರಹದಲ್ಲಿ ಆ ದಾರಿ ಕೆಲವು ಕಡೆ ತೆರೆಯಿತು. ಎಲ್ಲ ಶಾಲೆಗಳಿಗಲ್ಲ.

ಈಗಿನ ಯಂತ್ರದಲ್ಲಿ ಆ ಕೊರತೆ ನೀಗಬಹುದು. ಆದರೆ ಪರದೆಯನ್ನು ಮುಟ್ಟಿ ನಾಲ್ಕರಲ್ಲೊಂದು ಉತ್ತರ ಆರಿಸುವುದನ್ನು ಮರುಮಾತು ಎನ್ನಲು ನಾನು ಒಪ್ಪಲಾರೆ. ಅದು ಪರೀಕ್ಷೆ. (ಪರೀಕ್ಷೆಯಿಂದಲೇ ಹೊಟ್ಟೆ ಹೊರೆಯುವ ನಾನು ಹೀಗೆನ್ನುವುದು ವಿಚಿತ್ರವೇ!)

ನವೋದಯಗಳಲ್ಲಿ ಒಂದು ಪದ್ಧತಿಯಿದೆ: ಒಂಬತ್ತನೆಯ ತರಗತಿಯ ಸುಮಾರು ಶೇಕಡ 30 ಮಕ್ಕಳು ಒಂದು ವರ್ಷದ ಮಟ್ಟಿಗೆ ಬೇರೆ ಭಾಷಾಪ್ರದೇಶದ ಶಾಲೆಗೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಕಥೆಗೆ ಇದಕ್ಕಿಂತ ಒಳ್ಳೆಯ ಕೇಳುಗರುಂಟೆ? 2018ರ ಆಗಸ್ಟಿನಲ್ಲಿ ಗಾಳಿಬೀಡು ಪಂಚಾಯಿತಿಯ ಎರಡನೇ ಮೊಣ್ಣಂಗೇರಿಯಲ್ಲಿ ಗುಡ್ಡ ಕುಸಿಯಿತು. ಅದನ್ನು ಕಂಡ ಹಿರಿಯರಿದ್ದಾರೆ. ಅವರ ದನಿಯನ್ನು ಇಲ್ಲಿಯ ಹುಡುಗಿಯೊಬ್ಬಳು ಟ್ಯಾಬ್ಲೆಟ್ಟಿನಲ್ಲಿ ಹಿಡಿದು, ಬಯಲುಸೀಮೆಯಿಂದಾಚೆ ಹಿಂದಿ ನಾಡಿನಲ್ಲಿ ಕುಳಿತ ಗೆಳತಿಗೆ ಕಳುಹಿಸಲಿ. ಗುಡ್ಡವನ್ನೇ ಕಾಣದ ಆಕೆ, "ಗುಡ್ಡ ಜಾರುವುದೆಂದರೇನು? ಆಮೇಲೆ?" ಎಂದು ಕೇಳಿಯೇ ಕೇಳುತ್ತಾಳೆ. ಆಗ ಇವಳು ಮತ್ತೆ ಆ ಅಜ್ಜನ ಜಗಲಿ ಹತ್ತಬೇಕಾಗುತ್ತದೆ.