ಚಕ್ರ–ಮಣ್ಣಿನ ಬಲವಿಜ್ಞಾನ

ಮೆತ್ತನೆಯ ನೆಲದ ಮೇಲೆ ಉರುಳುವ ಚಕ್ರಕ್ಕೂ ಅದರಡಿಯ ಮಣ್ಣಿಗೂ ನಡುವೆ ನಡೆಯುವ ಬಲಗಳ ಅಧ್ಯಯನ. ಭಾರ ಬಿದ್ದಾಗ ಮಣ್ಣು ಕುಸಿದು ಜಾಡು ಮೂಡುತ್ತದೆ. ಹೀಗೆ ಮಣ್ಣನ್ನು ಅದುಮಲು ಖರ್ಚಾಗುವ ಶಕ್ತಿಯೇ ಚಲನೆಗೆ ಎದುರಾಗುವ ತಡೆಯ ಮುಖ್ಯ ಪಾಲು. ಎಂಜಿನ್ ತಿರುಗಿಸುವ ಚಕ್ರ ಮುಂದೆ ಸಾಗಲು ಮಣ್ಣಿನ ಅಂಟು ಮತ್ತು ಕಣಗಳ ಘರ್ಷಣೆಯನ್ನು ನೆಚ್ಚಿಕೊಂಡಿದೆ. ಇವು ಸಾಲದಿದ್ದರೆ ಮಣ್ಣು ಜರಿದು ಚಕ್ರ ನಿಂತಲ್ಲೇ ಸುತ್ತುತ್ತದೆ.

ಚರಿತ್ರೆ: ಆರಂಭದ ಸಂಶೋಧಕರ ಗಮನವೆಲ್ಲ ಚಕ್ರದ ಅಳತೆಯ ಮೇಲಿತ್ತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಫ್ರಾನ್ಸಿನ ಮೊರೆನ್, ತಡೆಯು ವ್ಯಾಸಕ್ಕೆ ವಿಲೋಮವೆಂದರೆ ಡ್ಯುಪ್ವಿ ಅದು ವ್ಯಾಸದ ವರ್ಗಮೂಲಕ್ಕೆ ವಿಲೋಮವೆಂದು ವಾದಿಸಿದ. 1913ರಲ್ಲಿ ಜರ್ಮನಿಯ ಬರ್ನ್‌ಸ್ಟೈನ್ ಒತ್ತಡಕ್ಕೂ ಮಣ್ಣು ಕುಸಿಯುವ ಆಳಕ್ಕೂ ಸಂಬಂಧ ಕಲ್ಪಿಸುವ ಸೂತ್ರ ಕೊಟ್ಟಾಗ ಗಮನ ಮಣ್ಣಿನತ್ತ ಹೊರಳಿತು. ಪೋಲೆಂಡ್ ಮೂಲದ ಎಂ. ಜಿ. ಬೆಕರ್ 1956ರ ತನ್ನ ಗ್ರಂಥದಲ್ಲಿ ಇದನ್ನು ಸ್ವತಂತ್ರ ಶಾಸ್ತ್ರವಾಗಿ ರೂಪಿಸಿದ. 1971ರಲ್ಲಿ ಅಪೊಲೊ 15 ಚಂದ್ರನಿಗೆ ಒಯ್ದ ವಾಹನದ ತಂತಿಜಾಲರಿಯ ಚಕ್ರಗಳ ಹಿಂದೆಯೂ ಆತನ ಕೆಲಸವಿದೆ.

ಕರ್ನಾಟಕದಲ್ಲಿ: ಎತ್ತಿನಗಾಡಿಯ ಕಿರಿದಾದ ಕಬ್ಬಿಣದ ಪಟ್ಟಿ ಮಣ್ಣುರಸ್ತೆಯನ್ನು ಕೊರೆಯುತ್ತಿತ್ತು, ಅಗಲವಾದ ಟೈರು ಭಾರವನ್ನು ಹಂಚಿ ಎತ್ತಿನ ಶ್ರಮವನ್ನೂ ಇಳಿಸಿತು. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ ಗಾಡಿಯ ಸುಧಾರಣೆಗಾಗಿ ದೀರ್ಘಕಾಲ ದುಡಿದರು. ಕರಾವಳಿಯ ಕೆಸರುಗದ್ದೆಯಲ್ಲಿ ಟೈರು ಜಾರುವುದರಿಂದ ಟಿಲ್ಲರಿಗೆ ಪಟ್ಟಿಗಳ ಕಬ್ಬಿಣದ ಚಕ್ರ ಹಾಕುತ್ತಾರೆ. 2023ರ ಆಗಸ್ಟ್ 23ರಂದು ಚಂದ್ರನಲ್ಲಿ ಇಳಿದ 26 ಕಿ.ಗ್ರಾಂ. ತೂಕದ, ಭಾರತದ ಚಂದ್ರಯಾನದ ಪ್ರಜ್ಞಾನ್ ರೋವರಿಗೆ ಆರು ಚಕ್ರಗಳು. ಚಂದ್ರಯಾನದ ರೋವರ್ ಪರೀಕ್ಷೆಗಳಿಗಾಗಿ ತಮಿಳುನಾಡಿನ ಸಿತ್ತಂಪೂಂಡಿಯ ಶಿಲೆಯನ್ನು ಪುಡಿಮಾಡಿ ಬೆಂಗಳೂರಿನಲ್ಲಿ ಚಂದ್ರನಂಥ ನೆಲವನ್ನು ಸಿದ್ಧಪಡಿಸಲಾಗಿತ್ತು.

ಬಿಕರ್ನಕಟ್ಟೆ: ರಸ್ತೆಯಡಿಯ ಮಣ್ಣಿಗೂ ಇದೇ ಬಲವಿಜ್ಞಾನ ಅನ್ವಯಿಸುತ್ತದೆ ಎಂಬುದಕ್ಕೆ ಇಲ್ಲಿನ ಹೆದ್ದಾರಿ ನಿದರ್ಶನ. ಮಂಗಳೂರಿನ ಈ ಭಾಗದಿಂದ ಕಾರ್ಕಳದ ಬಳಿಯ ಸಾಣೂರಿನವರೆಗೆ ಸುಮಾರು 45 ಕಿ.ಮೀ. ಹೆದ್ದಾರಿಯನ್ನು ಚತುಷ್ಪಥಗೊಳಿಸುವ ಯೋಜನೆ ಆರಂಭವಾಗುತ್ತದೆ. ಈ ಸೀಮೆಯ ಗುಡ್ಡಗಳಲ್ಲಿ ಮುರಕಲ್ಲಿನ ಪದರದ ಕೆಳಗೆ ಶೇಡಿಮಣ್ಣು ಇರುತ್ತದೆ. ಒಣಗಿದಾಗ ಗಟ್ಟಿ, ನೀರು ಕುಡಿದರೆ ಬಲ ಕುಗ್ಗುತ್ತದೆ. ಗುಡ್ಡ ಕಡಿದಲ್ಲಿ ಇದೇ ರಸ್ತೆಯ ತಳವಾದರೆ, ಮಳೆಗಾಲದಲ್ಲಿ ಲಾರಿಚಕ್ರದ ಭಾರಕ್ಕೆ ಡಾಂಬರಿನ ಮೇಲೂ ಜಾಡು ಏಳುತ್ತದೆ. ಆದ್ದರಿಂದ ಮಾದರಿ ಮಣ್ಣನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿ, ಉರುಳೆಯಾಕಾರದ ಉಕ್ಕಿನ ಕಂಬಿಯನ್ನು ಒತ್ತಿ, ಅದು ನಿಗದಿತ ಆಳಕ್ಕಿಳಿಯಲು ಬೇಕಾದ ಬಲವನ್ನು ಪ್ರಮಾಣಿತ ಜಲ್ಲಿಯಲ್ಲಿ ಅಷ್ಟೇ ಆಳಕ್ಕಿಳಿಯಲು ಬೇಕಾದ ಬಲದೊಂದಿಗೆ ಹೋಲಿಸುವ ಸಿ.ಬಿ.ಆರ್. ಪರೀಕ್ಷೆ ರೂಢಿಯಲ್ಲಿದೆ. ರಸ್ತೆಯ ಪದರಗಳು ಎಷ್ಟು ದಪ್ಪವಿರಬೇಕೆಂಬ ಲೆಕ್ಕ ಈ ಪರೀಕ್ಷೆಯಲ್ಲಿ ಸಿಗುವ ಸಂಖ್ಯೆಯನ್ನೂ ಸಂಚಾರದ ಭಾರವನ್ನೂ ಆಧರಿಸಿದೆ.