ವಿದ್ಯುತ್ ದರ ಮತ್ತು ಮತದಾರ: ಹಿಂದೂಪುರ, ಕಲ್ಯಾಣದುರ್ಗ

ತೆರಿಗೆ, ವಿದ್ಯುತ್ ದರಗಳನ್ನು ನೇರ ಜನಮತಕ್ಕೆ ಹಾಕುವ ಪದ್ಧತಿ ಭಾರತದ ರಾಜ್ಯಗಳಲ್ಲಿಲ್ಲ. ಆಂಧ್ರಪ್ರದೇಶದ ಗಡಿ ಕ್ಷೇತ್ರಗಳಾದ ಹಿಂದೂಪುರ, ಕಲ್ಯಾಣದುರ್ಗಗಳಲ್ಲೂ ಜನ ಉತ್ತರಿಸುವುದು ವಿಧಾನಸಭಾ ಚುನಾವಣೆಯಲ್ಲೇ. ಮಳೆ ಕೈಕೊಡುವ ಈ ಸೀಮೆಯ ನೀರಾವರಿ ಕೊಳವೆಬಾವಿಯನ್ನು ನಂಬಿದೆ. ಪಂಪ್‌ಸೆಟ್ಟಿನ ಕರೆಂಟು ಇಲ್ಲಿ ಬದುಕಿನ ಪ್ರಶ್ನೆ. 2000ದಲ್ಲಿ ತೆಲುಗು ದೇಶಂ ಸರ್ಕಾರದ ವಿದ್ಯುತ್ ದರ ಏರಿಕೆ ವಿರೋಧಿಸಿದವರ ಮೇಲೆ ಆಗಸ್ಟ್ 28ರಂದು ಹೈದರಾಬಾದಿನ ಬಶೀರ್‌ಬಾಗ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು. 2004ರ ಮೇ 14ರಂದು ಕಾಂಗ್ರೆಸ್ಸಿನ ವೈ.ಎಸ್. ರಾಜಶೇಖರ ರೆಡ್ಡಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ದಿನವೇ ರೈತರ ಉಚಿತ ವಿದ್ಯುತ್ತಿನ ಕಡತಕ್ಕೆ ಸಹಿ ಹಾಕಿದರು. ಅವರನ್ನು ಗೆಲ್ಲಿಸಿದ 2004ರ ಚುನಾವಣೆಯ ಕಾಂಗ್ರೆಸ್ ಅಲೆಯಲ್ಲೂ ಹಿಂದೂಪುರ ತೆಲುಗು ದೇಶಂ ಪಕ್ಷವನ್ನು ಬಿಡಲಿಲ್ಲ. 1983ರಿಂದ ಅದರದೇ ಕೋಟೆ. ಪಕ್ಷದ ಸ್ಥಾಪಕ ಎನ್.ಟಿ. ರಾಮರಾವ್, ಅವರ ಮಗ ಬಾಲಕೃಷ್ಣ ಇಬ್ಬರೂ ಇಲ್ಲಿ ಮೂರು ಮೂರು ಸಲ ಗೆದ್ದವರು. ಕಲ್ಯಾಣದುರ್ಗ ಹಾಗಲ್ಲ: 2009ರಲ್ಲಿ ಕಾಂಗ್ರೆಸ್, 2014ರಲ್ಲಿ ತೆಲುಗು ದೇಶಂ, 2019ರಲ್ಲಿ ವೈಎಸ್‌ಆರ್ ಕಾಂಗ್ರೆಸ್, 2024ರಲ್ಲಿ ಮತ್ತೆ ತೆಲುಗು ದೇಶಂ.