ಮನೆಯನ್ನು ಕುರಿತು ಬರೆದವರು

ಪುಸ್ತಕದ ಅಂಗಡಿಗೆ ಹೋಗಿ, "ಮನೆಮಂದಿಯೆಲ್ಲ ಕೂತು ಓದಬಹುದಾದಂಥ ಪುಸ್ತಕವೊಂದನ್ನು ಕೊಡಿ" ಎಂದು ಕೇಳುವವರುಂಟು. ಮದುವೆಯ ಉಡುಗೊರೆಗೆಂದು ಕೇಳುವವರು ಕೆಲವರು. ಮಕ್ಕಳು ಹೇಳಿದ ಮಾತು ಕೇಳುವುದಿಲ್ಲವೆಂಬ ಬೇಸರದಿಂದ ಕೇಳುವವರು ಕೆಲವರು. ಪುಸ್ತಕ ಓದಿ ಸಂಸಾರ ನೆಟ್ಟಗಾದದ್ದುಂಟೆ ಎಂದು ನಗುವವರೂ ಇಲ್ಲದಿಲ್ಲ. ಆದರೂ ಈ ಬೇಡಿಕೆ ಹೊಸತಲ್ಲ. ಸುಮಾರು ಮುನ್ನೂರು ವರ್ಷಗಳ ಹಿಂದೆ ಶ್ರೀರಂಗಪಟ್ಟಣದ ಅರಮನೆಯಲ್ಲಿಯೂ ಇಂಥ ಬೇಡಿಕೆಯೇ ಹುಟ್ಟಿತ್ತು. ಅದಕ್ಕೆ ದೊರೆತ ಉತ್ತರವನ್ನು ನಾವು ಈಗಲೂ ಓದಬಹುದು.

ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು 1939ರಲ್ಲಿ. ಅದರ ಏಳು ತಾಲ್ಲೂಕುಗಳ ಪೈಕಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ಒಂದಕ್ಕೊಂದು ಅಂಟಿಕೊಂಡಂತಿವೆ. ಕಬ್ಬು, ಬೆಲ್ಲ, ಕಾವೇರಿಯ ನಾಲೆ ಎಂದರೆ ಎಲ್ಲರಿಗೂ ಈ ಸೀಮೆಯ ನೆನಪಾಗುತ್ತದೆ. ಗಂಡಹೆಂಡಿರು, ತಾಯಿಮಕ್ಕಳು, ತವರು, ಅತ್ತೆಮನೆ ಇವುಗಳನ್ನು ಕುರಿತು ಕನ್ನಡದಲ್ಲಿ ಬಂದ ಕೆಲವು ಮುಖ್ಯ ಪುಸ್ತಕಗಳಿಗೂ ಈ ಸೀಮೆಯೊಡನೆ ನಂಟುಂಟೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ಮೊದಲು ಶ್ರೀರಂಗಪಟ್ಟಣ. 1610ರಲ್ಲಿ ರಾಜ ಒಡೆಯರು ಅದನ್ನು ವಶಪಡಿಸಿಕೊಂಡ ಮೇಲೆ ಅದು ಮೈಸೂರು ಅರಸರ ರಾಜಧಾನಿಯಾಯಿತು. 1673ರಿಂದ 1704ರವರೆಗೆ ಅಲ್ಲಿ ಆಳಿದವರು ಚಿಕ್ಕದೇವರಾಜ ಒಡೆಯರು. ಆಡಳಿತವನ್ನು ಅಠಾರ ಕಚೇರಿಯೆಂದು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ ಅರಸರೆಂದು ಅವರ ಹೆಸರು ಪಾಠಪುಸ್ತಕಗಳಲ್ಲಿ ಬರುತ್ತದೆ. ಅವರ ಆಸ್ಥಾನ ವಿದ್ವಾಂಸರಿಂದ ತುಂಬಿತ್ತು. ಮಂತ್ರಿ ತಿರುಮಲಾರ್ಯ, ಚಿಕುಪಾಧ್ಯಾಯ, ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ನಾಟಕವೆಂದು ಹೆಸರಾದ 'ಮಿತ್ರವಿಂದಾ ಗೋವಿಂದ'ವನ್ನು ಬರೆದ ಸಿಂಗರಾರ್ಯ ಇವರೆಲ್ಲ ಅಲ್ಲಿದ್ದರು.

ಇಂಥ ಪಂಡಿತರ ನಡುವೆ ಯಳಂದೂರಿನ ಹೆಣ್ಣುಮಗಳೊಬ್ಬಳಿದ್ದಳು, ಹೊನ್ನಮ್ಮ. ರಾಣಿ ದೇವಾಜಮ್ಮಣ್ಣಿಯವರಿಗೆ ಎಲೆಅಡಿಕೆಯ ಸಂಚಿಯನ್ನು ಹಿಡಿದು ನಿಲ್ಲುವುದು ಆಕೆಯ ಊಳಿಗ. ಆದ್ದರಿಂದಲೇ ಸಂಚಿಯ ಹೊನ್ನಮ್ಮ. ಅಳಸಿಂಗರಾರ್ಯರಲ್ಲಿ ಓದು ಕಲಿತು ಆಕೆ ಬರೆದ ಗ್ರಂಥ 'ಹದಿಬದೆಯ ಧರ್ಮ'. ಹದಿಬದೆಯೆಂದರೆ ಪತಿವ್ರತೆ. ಒಂಬತ್ತು ಸಂಧಿಗಳ ಈ ಕಾವ್ಯ ಸಾಂಗತ್ಯದಲ್ಲಿದೆ. ಸಾಂಗತ್ಯ ಹಾಡುವ ಮಟ್ಟು. ಅಕ್ಷರ ಬಾರದವರೂ ಕೇಳಿ ಬಾಯಿಪಾಠ ಮಾಡಬಹುದಾದದ್ದು. ಒಬ್ಬರು ಹಾಡಿದರೆ ಮನೆಯ ಹಿರಿಯರು, ಸೊಸೆಯಂದಿರು, ಮಕ್ಕಳು ಎಲ್ಲರೂ ಕೇಳುತ್ತಿದ್ದ ಕಾಲವದು. ಮನೆಮಂದಿಗೆಲ್ಲ ಸಲ್ಲುವ ಪುಸ್ತಕವೆಂದರೆ ಹೀಗಿರಬೇಕೆಂದು ಆ ಕಾಲದವರು ತಿಳಿದಿದ್ದಂತೆ ತೋರುತ್ತದೆ.

ಹೆಸರು ಕೇಳಿದೊಡನೆ ಇಂದಿನ ಓದುಗರು ಹುಬ್ಬುಗಂಟಿಕ್ಕಬಹುದು. ಅದಕ್ಕೆ ಕಾರಣವಿಲ್ಲದಿಲ್ಲ. ಪತಿಯನ್ನೇ ದೈವವೆಂದು ತಿಳಿಯಬೇಕು, ಅತ್ತೆಮಾವಂದಿರಿಗೆ ಅಡಿಯಾಳಾಗಿರಬೇಕು ಎಂಬ ಉಪದೇಶ ಅದರಲ್ಲಿ ಧಾರಾಳವಾಗಿದೆ. ಪುರಾಣ ಸ್ಮೃತಿಗಳಲ್ಲಿದ್ದುದನ್ನು ಕವಯಿತ್ರಿ ತಿಳಿಗನ್ನಡದಲ್ಲಿ ಹೇಳಿದ್ದಾಳೆ. ಸಂಸಾರದ ಹೊರೆಯನ್ನೆಲ್ಲ ಒಬ್ಬಳ ತಲೆಯ ಮೇಲೆ ಹೊರಿಸಿದ ಗ್ರಂಥವೆಂದು ಅದನ್ನು ಬದಿಗಿಟ್ಟವರೂ ಇದ್ದಾರೆ.

ಆದರೆ ಅದೇ ಗ್ರಂಥದ ಒಳಗೆ ಇನ್ನೊಂದು ದನಿ ಕೇಳಿಬರುತ್ತದೆ. ಹೆಣ್ಣೆಂದು ತುಚ್ಛವಾಗಿ ಕಾಣುವ ಜನರನ್ನು ಹೊನ್ನಮ್ಮ ಅಲ್ಲಿ ಬಿಡುವುದಿಲ್ಲ. ತನ್ನನ್ನು ಹಡೆದು ಬೆಳೆಸಿದ ಜೀವ ಯಾವುದೆಂಬುದನ್ನು ಒಮ್ಮೆ ನೆನೆಯಿರಿ ಎಂದು ಅವರನ್ನು ತಡೆದು ನಿಲ್ಲಿಸುತ್ತಾಳೆ. ಕಣ್ಣಿದ್ದೂ ಕಾಣದ ದಡ್ಡರೆಂದು ಹೀಗಳೆಯುವುದಕ್ಕೂ ಹಿಂದೆಗೆಯುವುದಿಲ್ಲ. ಮಗನೆಂದರೆ ಹೆಚ್ಚು, ಮಗಳೆಂದರೆ ಕಡಿಮೆ ಎಂಬ ತಾರತಮ್ಯಕ್ಕೆ ಅರ್ಥವಿಲ್ಲವೆಂದು ವಾದಿಸುತ್ತಾಳೆ. ಅರಸನ ಮನ್ನಣೆಯಲ್ಲಿ, ಪಂಡಿತರ ಕಣ್ಣೆದುರಿನಲ್ಲಿ, ಊಳಿಗದ ಹೆಣ್ಣೊಬ್ಬಳು ಆಡಿದ ಮಾತಿದು. ಹೆಂಡತಿಯ ಕರ್ತವ್ಯವನ್ನು ಹೇಳುವುದಕ್ಕೆಂದು ಹೊರಟ ಪುಸ್ತಕ ತಂದೆತಾಯಿಗಳ ಕರ್ತವ್ಯವನ್ನು ಹೇಳದೆ ಮುಗಿಯಲಾರದೆ ಹೋಯಿತು. ಕುಟುಂಬದ ಹೊಣೆ ಒಂದೇ ಕಡೆಯದಾಗಲಾರದೆಂಬ ವಿವೇಕ, ಬರೆಯುತ್ತ ಬರೆಯುತ್ತ ತಾನಾಗಿಯೇ ಹೊಮ್ಮಿತೆಂದು ಹೇಳಬೇಕು.

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಪಾಂಡವಪುರ. ಹಿಂದೆ ಅದು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಕಡೆಗಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು. ಊರಿನ ಪಕ್ಕದ ಬಂಡೆಗುಡ್ಡ ಮಾತ್ರ ಜನರ ಬಾಯಲ್ಲಿ ಕುಂತಿಬೆಟ್ಟವಾಗಿಯೇ ಉಳಿಯಿತು. ವನವಾಸದಲ್ಲಿ ಕುಂತಿ ಮಕ್ಕಳೊಡನೆ ಅಲ್ಲಿ ತಂಗಿದ್ದಳೆಂದು ಐತಿಹ್ಯ. ಇದು ಚರಿತ್ರೆಯಲ್ಲ, ನಿಜ. ಆದರೆ ಗಂಡನನ್ನು ಕಳೆದುಕೊಂಡು ಐವರು ಮಕ್ಕಳನ್ನು ಒಟ್ಟಿಗಿರಿಸಿದ ತಾಯಿಯನ್ನು ಜನ ತಮ್ಮ ಊರಿನವಳನ್ನಾಗಿ ಮಾಡಿಕೊಂಡರೆಂಬುದು ಚರಿತ್ರೆಯೇ. ಮಹಾಭಾರತವನ್ನು ಅವರು ಪುಸ್ತಕ ಬಿಡಿಸಿ ಓದಿದ್ದು ಕಡಿಮೆ. ಕೇಳಿದ್ದು, ಆಟದಲ್ಲಿ ಕಂಡದ್ದು ಹೆಚ್ಚು. 1950ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ 'ವಚನ ಭಾರತ' ಹೊರಬಂದ ಮೇಲೆ ಆ ಕಥೆ ಶಾಲೆಯ ಹುಡುಗರಿಂದ ಹಿಡಿದು ಅಜ್ಜ ಅಜ್ಜಿಯರವರೆಗೆ ಎಲ್ಲರ ಕೈಗೂ ಸರಳವಾದ ಗದ್ಯದಲ್ಲಿ ಬಂದಿತು.

ಅದೇ ಭಾರತದ ಕಥೆಯಿಂದ ತಂದೆ ಮಗನ ಸಂಬಂಧವನ್ನು ಎತ್ತಿಕೊಂಡವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನವರಾದ ಬಿ. ಎಂ. ಶ್ರೀಕಂಠಯ್ಯನವರು. ಹುಟ್ಟಿದ್ದು 1884ರಲ್ಲಿ, ತುಮಕೂರು ಸೀಮೆಯ ಸಂಪಿಗೆಯಲ್ಲಿ. ಹೆಸರಿನ ಮೊದಲ ಅಕ್ಷರ ಮಾತ್ರ ಬೆಳ್ಳೂರಿನದು. 1929ರ ಅವರ 'ಅಶ್ವತ್ಥಾಮನ್' ಗ್ರೀಕ್ ಕವಿ ಸಾಫೊಕ್ಲೀಸನ 'ಏಜಾಕ್ಸ್' ನಾಟಕದ ಅಚ್ಚಿನಲ್ಲಿ ನಮ್ಮ ಕಥೆಯನ್ನು ಎರಕಹೊಯ್ದದ್ದು. ಚಿರಂಜೀವಿಯೆಂದು ಹೆಸರಾದ ಅಶ್ವತ್ಥಾಮನನ್ನು ಸಾಯಿಸಿದರೆಂದು ಆಗ ಕೆಲವರು ಆಕ್ಷೇಪಿಸಿದರು. ನಮಗೆ ಇಲ್ಲಿ ಮುಖ್ಯವಾದದ್ದು ಬೇರೆ. ಗ್ರೀಕ್ ನಾಟಕದಲ್ಲಿ ಮಾನಭಂಗವನ್ನು ಸಹಿಸಲಾರದೆ ಸಾಯಹೊರಟ ವೀರನನ್ನು ಅವನ ಹೆಂಗಸು ತಡೆಯುತ್ತಾಳೆ. ಮುಪ್ಪಿನ ತಂದೆತಾಯಿಗಳಿಗೆ, ಎಳೆಯ ಮಗನಿಗೆ, ತನಗೆ ದಿಕ್ಕು ಯಾರು ಎಂದು ಕೇಳುತ್ತಾಳೆ. ವೀರನ ಮಾನ ದೊಡ್ಡದೆ, ಮನೆಯ ಹೊಣೆ ದೊಡ್ಡದೆ? ಎರಡು ಸಾವಿರದ ನಾನೂರು ವರ್ಷಗಳ ಹಿಂದಿನ ಅಥೆನ್ಸಿನ ಈ ಪ್ರಶ್ನೆ ಕನ್ನಡದ ರಂಗಕ್ಕೆ ಬಂದದ್ದು ಬೆಳ್ಳೂರಿನ ಮನೆತನದವರೊಬ್ಬರ ಮೂಲಕ. ತಂದೆಯ ಸಾವಿನ ಸೇಡಿಗೆ ಅಶ್ವತ್ಥಾಮ ಮಾಡಿದ್ದೇನೆಂಬುದನ್ನು ನಾವೆಲ್ಲ ಬಲ್ಲೆವು. ಮಗನಾಗಿ ತೀರಿಸಬೇಕಾದ ಋಣಕ್ಕೆ ಎಲ್ಲೆ ಎಂಬುದೊಂದು ಇರಬೇಕೆಂಬ ಎಚ್ಚರಿಕೆಯೂ ಆ ಕಥೆಯಲ್ಲಿದೆ.

ಇದೆಲ್ಲ ಗಂಭೀರವಾಯಿತು. ಸಂಸಾರದಲ್ಲಿ ನಗುವೂ ಉಂಟೆಂಬುದನ್ನು ಕನ್ನಡಿಗರಿಗೆ ನೆನಪಿಸಿದವರು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರ ಜನವರಿ 26ರಂದು ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರು. 1942ರಲ್ಲಿ ಅವರ 'ಮೈಸೂರು ಮಲ್ಲಿಗೆ' ಬಂದಿತು. ದೇಶದಲ್ಲಿ ಚಳವಳಿ, ಹೊರಗೆ ಮಹಾಯುದ್ಧ. ಈ ಕವಿ ಬರೆದದ್ದು ಗಂಡನೂರು, ತವರೂರು, ಶಾನುಭೋಗರ ಮಗಳು, ಬಳೆಗಾರ ಇವರ ವಿಷಯ. ಅದುವರೆಗೆ ಕಾವ್ಯದ ನಾಯಕ ನಾಯಿಕೆಯರಿಗೆ ಮದುವೆಯಾಗುವವರೆಗೆ ಮಾತ್ರ ಪ್ರೇಮ. ಮದುವೆಯಾದ ಮೇಲೂ, ಸಂಬಳ ಸಾಲದ ಮನೆಯಲ್ಲಿಯೂ, ಪ್ರೇಮ ಉಂಟೆಂದು ತೋರಿಸಿದ್ದು ಈ ಪುಸ್ತಕ. ಸ್ವತಃ ಕವಿ ಸರ್ಕಾರಿ ಗುಮಾಸ್ತಿಕೆಯಲ್ಲಿ ಸಂಸಾರ ತೂಗಿಸಿದವರು. ಮದುವೆಯ ಉಡುಗೊರೆಯಾಗಿ ಈ ಪುಸ್ತಕವನ್ನು ಕೊಡುವ ರೂಢಿ ಬೆಳೆಯಿತೆಂದರೆ ಆಶ್ಚರ್ಯವಿಲ್ಲ. ಹೊನ್ನಮ್ಮನ ಗ್ರಂಥದಲ್ಲಿ ಹೆಂಡತಿ ನಡೆಯಬೇಕಾದ ಬಗೆಯನ್ನು ಹೇಳಲಾಗಿದ್ದರೆ, ಇಲ್ಲಿ ಗಂಡನೇ ಹೆಂಡತಿಯ ಮುನಿಸನ್ನೂ ಮೌನವನ್ನೂ ಅರ್ಥಮಾಡಿಕೊಳ್ಳಲು ಹೆಣಗುತ್ತಾನೆ. ಇನ್ನೂರೈವತ್ತು ವರ್ಷಗಳಲ್ಲಿ ಹೊರೆಯ ಒಂದು ತುದಿಗೆ ಗಂಡನೂ ಹೆಗಲು ಕೊಟ್ಟಂತಾಯಿತು. 1976ರಲ್ಲಿ ಬಂದ ಅವರ ಇನ್ನೊಂದು ಸಂಕಲನದ ಹೆಸರು 'ತೆರೆದ ಬಾಗಿಲು'. ಅದಕ್ಕೆ ಮರುವರ್ಷ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಮತ್ತೆ ಪಾಂಡವಪುರ ತಾಲ್ಲೂಕಿಗೇ ಬಂದರೆ, ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರು ಸಿಕ್ಕುತ್ತಾರೆ. ಅವರ 'ಗೋಕುಲ ನಿರ್ಗಮನ' 1945ರದು. ಕೃಷ್ಣ ಗೋಕುಲವನ್ನು ಬಿಟ್ಟು ಮಥುರೆಗೆ ಹೊರಡುವ ಪ್ರಸಂಗವನ್ನು ಗೀತರೂಪಕವಾಗಿ ಹೆಣೆದಿದ್ದಾರೆ. ಹೋಗುವವನಿಗೆ ಕರ್ತವ್ಯದ ಕರೆ. ಉಳಿಯುವವರಿಗೆ ಬರಿದಾದ ಊರು. ಹೋಗಬಾರದೆನ್ನುವಂತಿಲ್ಲ, ಹೋಗೆನ್ನುವುದಕ್ಕೆ ಬಾಯಿ ಬಾರದು. ಮಕ್ಕಳನ್ನು ಓದಿಸಿ ಬೆಂಗಳೂರಿಗೋ ಪರದೇಶಕ್ಕೋ ಕಳುಹಿಸಿ, ಊರ ಮನೆಯ ಜಗಲಿಯಲ್ಲಿ ಕುಳಿತಿರುವ ತಂದೆತಾಯಿಗಳಿಗೆ ಈ ಪ್ರಸಂಗವನ್ನು ಯಾರೂ ವಿವರಿಸಬೇಕಾಗಿಲ್ಲ.

ಅಚ್ಚಿನ ಪುಸ್ತಕವಿಲ್ಲದ ಮನೆಗಳಲ್ಲಿ ಏನಿತ್ತು? ಬೀಸುವ ಕಲ್ಲಿತ್ತು. ರಾಗಿ ಬೀಸುತ್ತ ಹೆಂಗಸರು ತವರನ್ನು, ಅಣ್ಣತಮ್ಮಂದಿರನ್ನು, ತೊಟ್ಟಿಲ ಕೂಸನ್ನು ಹಾಡಿದರು. ಆ ಹಾಡುಗಳನ್ನು ಕೂಡಿಸುವ ಕೆಲಸಕ್ಕೆ ಬದುಕನ್ನು ಕೊಟ್ಟವರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರು. ಹುಟ್ಟಿದ್ದು 1915ರ ಫೆಬ್ರವರಿ 11. ಕಿಕ್ಕೇರಿಯ ಕವಿಗಿಂತ ಹದಿನಾರು ದಿನಕ್ಕೆ ಚಿಕ್ಕವರು. ಸರ್ಕಾರದ ದೊಡ್ಡ ಹುದ್ದೆಗಳಲ್ಲಿದ್ದೂ ಹಳ್ಳಿಯ ಮನೆಯನ್ನು ಮರೆಯದವರು; 'ದೊಡ್ಡಮನೆ' ಎಂಬ ಕಾದಂಬರಿಯನ್ನು ಬರೆದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ರಾಮನಗರದ ಜಾನಪದ ಲೋಕವನ್ನು ಕಟ್ಟಿದರು. ಬೀಸುವ ಕಲ್ಲಿನ ಹಾಡುಗಳನ್ನು ಕೇಳಿದರೆ ಒಂದು ಸಂಗತಿ ಹೊಳೆಯುತ್ತದೆ. ಪಂಡಿತರ ಗ್ರಂಥಗಳಲ್ಲಿ ಮಗಳು ಕೊಟ್ಟುಬಿಟ್ಟ ಹೆಣ್ಣು. ಹಾಡಿನಲ್ಲಿ ಅವಳು ಸಾಯುವತನಕ ತವರಿನ ಮಗಳು. ಹೊನ್ನಮ್ಮನ ದನಿ ಅರಮನೆಯಲ್ಲಿ ಹುಟ್ಟಿದ್ದಲ್ಲ, ಇಂಥ ಹಾಡುಗಳ ನಡುವಿನಿಂದ ಎದ್ದು ಬಂದದ್ದೆಂದು ನನಗೆ ಅನ್ನಿಸುತ್ತದೆ.

ಪುಸ್ತಕಗಳು ಹೇಳಿದ್ದನ್ನು ಕಾನೂನು ನಿಧಾನವಾಗಿ ಹಿಂಬಾಲಿಸಿತು. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹವನ್ನು ತಡೆಯುವ ಕಾಯಿದೆ ಮಾಡಿತು. 1933ರಲ್ಲಿ ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕುಗಳಿಗೆ ಕಾಯಿದೆ ಮಾಡಿತು. ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಪಾಲು ಎಂದು ಕರ್ನಾಟಕ 1994ರಲ್ಲಿ ಹೇಳಿತು. ಇಡೀ ದೇಶಕ್ಕೆ ಅದು ಅನ್ವಯಿಸಿದ್ದು 2005ರಲ್ಲಿ. ಮುಪ್ಪಿನ ತಂದೆತಾಯಿಗಳನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆಯೆಂದು 2007ರಲ್ಲಿ ಕೇಂದ್ರದ ಕಾಯಿದೆಯೇ ಬಂದಿತು. ಆ ಹೊಣೆ ಗಂಡುಮಕ್ಕಳಿಗೆ ಮಾತ್ರವಲ್ಲ, ಹೆಣ್ಣುಮಕ್ಕಳಿಗೂ ಉಂಟು. ಪಾಲು ಸಮನಾದ ಮೇಲೆ ಹೊಣೆಯೂ ಸಮವಾದದ್ದು ನ್ಯಾಯವೇ ಸರಿ.

ಇಷ್ಟಕ್ಕೆ ನಿಲ್ಲಿಸಿ ಸಮಾಧಾನಪಡಬಹುದಾಗಿತ್ತು. ಆದರೆ ಒಂದು ಕಹಿ ಸಂಗತಿಯನ್ನು ಹೇಳದೆ ಗತ್ಯಂತರವಿಲ್ಲ. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಪತ್ತೆಮಾಡುವುದನ್ನು ತಡೆಯಲು 1994ರಲ್ಲಿಯೇ ಕಾಯಿದೆಯಾಗಿದ್ದರೂ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟುಕೊಂಡು ಅದೇ ಕೆಲಸವನ್ನು ನಡೆಸುತ್ತಿದ್ದುದು 2023ರಲ್ಲಿ ಬಯಲಾಯಿತು. ಬೆಲ್ಲ ಬೇಯಿಸುವ ಜಾಗ ಹೆಣ್ಣುಕೂಸಿಗೆ ವಿಷದ ಜಾಗವಾಯಿತು. ಅಲ್ಲಿಗೆ ಹೋದವರು ಅಕ್ಷರ ಬಾರದವರೇ ಆಗಿದ್ದರೆಂದು ಹೇಳಿ ಪಟ್ಟಣದ ಓದುಗರಾದ ನಾವು ತಪ್ಪಿಸಿಕೊಳ್ಳುವಂತಿಲ್ಲ. ಯಂತ್ರ ಹೊಸದು, ಹಣ ಹೊಸದು. ಮನಸ್ಸು ಮಾತ್ರ ಹೊನ್ನಮ್ಮ ಬೈದ ಮನಸ್ಸೇ.

ಹಾಗಾದರೆ ಪುಸ್ತಕಗಳಿಂದ ಪ್ರಯೋಜನವೇನು ಎಂದು ಮೊದಲು ನಕ್ಕವರು ಮತ್ತೆ ನಗಬಹುದು. ಒಂದು ಪ್ರಯೋಜನವುಂಟು. ಪುಸ್ತಕ ಮನೆಯನ್ನು ತಿದ್ದಲಾರದು. ಮನೆಯಲ್ಲಿ ಮಾತು ಹೊರಡಿಸಬಲ್ಲುದು. ಮಗಳು ಓದಿದ ಪುಸ್ತಕವನ್ನು ಅಪ್ಪನೂ ಓದಿದರೆ, ಅತ್ತೆ ಕೇಳಿದ ಹಾಡನ್ನು ಸೊಸೆಯೂ ಕೇಳಿದರೆ, ಯಾರ ಹೊಣೆ ಯಾವುದು ಎಂಬ ಚರ್ಚೆ ಜಗಳವಾಗದೆ ಮಾತಾಗಿ ನಡೆಯಬಹುದು. ಒಬ್ಬರು ಇನ್ನೊಬ್ಬರಿಗೆ ಬುದ್ಧಿ ಹೇಳುವುದಕ್ಕೆಂದು ಕೊಡುವ ಪುಸ್ತಕಕ್ಕಿಂತ, ಕೊಡುವವರೂ ಕೂತು ಓದುವ ಪುಸ್ತಕ ಮೇಲು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವಾಗ ಎಲ್ಲರೂ ಕಿಟಕಿಯ ಕಡೆ ತಿರುಗುತ್ತಾರೆ. ರಂಗನಾಥನ ಗೋಪುರ ಕಾಣುತ್ತದೆ, ಕೋಟೆಯ ಗೋಡೆ ಕಾಣುತ್ತದೆ. ಮಕ್ಕಳು ಕೇಳಿದರೆ ಹೈದರ್, ಟಿಪ್ಪುವಿನ ಕಥೆಯನ್ನು ಹೇಳುತ್ತೇವೆ. 1799ರ ಯುದ್ಧವನ್ನು ಹೇಳುತ್ತೇವೆ. ಮುಂದಿನ ಸಲ ಅದರ ಜೊತೆಗೆ, ಇದೇ ಊರಿನ ಅರಮನೆಯಲ್ಲಿ ಸಂಚಿ ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳು ಎಲ್ಲ ಅಪ್ಪಂದಿರಿಗೂ ಒಂದು ಪ್ರಶ್ನೆ ಹಾಕಿದ್ದಳೆಂಬುದನ್ನೂ ಹೇಳೋಣ. ಅದನ್ನು ಕೇಳುವ ಮಗಳು ಪಕ್ಕದಲ್ಲಿಯೇ ಕುಳಿತಿರಲಿ.